ಲಿಪ್ ಸರ್ವೀಸ್‌ಗೆ ಕನ್ನಡದಲ್ಲಿ ಏನಂತೀರಿ?

ಕುವೆಂಪುನಗರದ ಅಮ್ಮ: ಮಗಳಿಗೆ ಅನುವಾದ ಮಾಡೋಕೆ ಒಂದು ಇಂಗ್ಲಿಷ್ ವಾಕ್ಯ ಕೊಟ್ಟಿದ್ದಾರೆ. ರೈತರ ಬೇಡಿಕೆಗೆ ಸಮಿತಿ 'ಪೇಯ್ಡ್ ಲಿಪ್ ಸರ್ವೀಸ್' ಅಂತ. ಅವಳು 'ತುಟಿಸೇವೆಗೆ ಹಣ ಕೊಟ್ಟಿತು' ಅಂತ ಬರೆದಿದ್ದಾಳೆ. ತಪ್ಪು ಅಂತ ಗೊತ್ತಾಯ್ತು, ಆದರೆ ಸರಿ ಯಾವುದು ಅಂತ ನನಗೂ ಹೇಳೋಕೆ ಬರಲಿಲ್ಲ. ಮುಖಸ್ತುತಿ ಅಂತಾನಾ?

ಮದ್ದೂರಿನವ: ಮುಖಸ್ತುತಿ ಅಲ್ಲ ಅಕ್ಕ. ಒಳಗೊಂದು ಹೊರಗೊಂದು ಅಂತ ಅರ್ಥ. ನಮ್ಮ ಗಾದೆಯೇ ಇದೆಯಲ್ಲ, ಬಾಯಲ್ಲಿ ಬೆಲ್ಲ, ಕರುಳಲ್ಲಿ ಕತ್ತರಿ. ಅದನ್ನೇ ಬರೆಸಿ.

ಹಳೇ ಮೇಷ್ಟ್ರು: ಆ ಗಾದೆ ಇಲ್ಲಿಗೆ ಹೊಂದುವುದಿಲ್ಲಪ್ಪ. ಕತ್ತರಿ ಇಟ್ಟುಕೊಂಡವನು ಕೇಡು ಬಯಸುತ್ತಾನೆ. ಲಿಪ್ ಸರ್ವೀಸ್ ಮಾಡುವವನು ಕೇಡು ಬಯಸಲೇಬೇಕು ಅಂತಿಲ್ಲ, 'ನಿಮ್ಮ ಪರ ಇದ್ದೀನಿ' ಅನ್ನುತ್ತಾನೆ, ಅಲ್ಲಿಗೆ ಮುಗೀತು, ಕೂತ ಜಾಗದಿಂದ ಏಳುವುದಿಲ್ಲ. ಮುಖಸ್ತುತಿ ಒಬ್ಬ ಮನುಷ್ಯನಿಗೆ ಮಾಡೋದು. ಇದು ಹೆಚ್ಚಾಗಿ ಒಂದು ತತ್ವಕ್ಕೆ, ಬೇಡಿಕೆಗೆ. ಇನ್ನು 'ಪೇ' ಅಂದರೆ ಇಲ್ಲಿ ದುಡ್ಡಲ್ಲ, ಗೌರವ ಸಲ್ಲಿಸುವುದು ಅಂತೀವಲ್ಲ, ಆ ಸಲ್ಲಿಸುವುದು. ಇದರ ಹಿಂದಿರುವ ಭಾವ ಬೈಬಲಿನದು. ಯೆಶಾಯನ ಗ್ರಂಥದ 29ನೇ ಅಧ್ಯಾಯ, 13ನೇ ವಚನ ನೋಡಿ. ಈ ಜನ ತುಟಿಯಿಂದ ನನ್ನನ್ನು ಗೌರವಿಸುತ್ತಾರೆ, ಹೃದಯ ಮಾತ್ರ ನನ್ನಿಂದ ದೂರ ಇದೆ ಅಂತ ದೇವರೇ ಹೇಳುವ ಮಾತದು. ಇಂಗ್ಲಿಷಿನಲ್ಲಿ ಲಿಪ್ ಸರ್ವೀಸ್ ಅನ್ನುವ ಪದ ಕೆಲವು ಶತಮಾನಗಳಿಂದ ಬಳಕೆಯಲ್ಲಿದೆ.

ಪಾಂಡವಪುರದ ಹುಡುಗಿ: ಹಾಗಾದರೆ ಇದು ನಮ್ಮ ಬಾಯುಪಚಾರ ಅಲ್ವಾ ಸರ್? ನಮ್ಮಜ್ಜಿ ಈ ಪದವನ್ನು ತುಂಬಾ ಬಳಸುತ್ತಿದ್ದರು. ಒಂದು ಸಲ ನೆಂಟರ ಮನೆಗೆ ಹೋಗಿ ಹೊರಟಾಗ ಆ ಮನೆಯಾಕೆ 'ಊಟ ಮಾಡ್ಕೊಂಡು ಹೋಗಬಹುದಿತ್ತು' ಅಂದರು. ಹಾಗನ್ನುವಾಗ ಅವರ ಒಂದು ಕೈ ಆಗಲೇ ಬಾಗಿಲ ಚಿಲಕದ ಮೇಲಿತ್ತು, ಹಿಂದೆ ಅಡುಗೆಮನೆಯ ದೀಪ ಆರಿತ್ತು. ಬೀದಿಗೆ ಬಂದ ಮೇಲೆ ಅಜ್ಜಿ 'ಬಾಯುಪಚಾರಕ್ಕೆ ಕರೆದಳು ಕಣೇ' ಅಂದರು. ಆಗ ಅವರಿಗೆ ನಿಜವಾಗಿಯೂ ಹಸಿವಾಗಿತ್ತು, ಅದು ನನಗೆ ಇವತ್ತಿಗೂ ಬೇಜಾರು.

ಹಳೇ ಮೇಷ್ಟ್ರು: ಸರಿಯಾಗಿ ಹಿಡಿದೆ ಕಣಮ್ಮ! ಸರ್ವೀಸ್‌ಗೆ ಇಂಗ್ಲಿಷಿನಲ್ಲಿ ದೇವರ ಆರಾಧನೆ ಅನ್ನುವ ಅರ್ಥವೂ ಇದೆ. ನಮ್ಮ ಪೂಜೆಯಲ್ಲೂ ಷೋಡಶೋಪಚಾರ, ಅಂದರೆ 16 ಉಪಚಾರ. ಎರಡು ಭಾಷೆಯ ಪದಗಳೂ ದೇವರ ಮನೆಯನ್ನು ಹಾದೇ ಬಂದಿವೆ. ಇದಕ್ಕಿಂತ ಒಳ್ಳೆಯ ಜೋಡಿ ಹುಡುಕಿದರೂ ಸಿಗದು.

ಬೋಗಾದಿ ರಸ್ತೆ: ಕಾಟಾಚಾರ ಅಂದರೂ ಆಗುತ್ತಲ್ಲ?

ಪಾಂಡವಪುರದ ಹುಡುಗಿ: ಇಲ್ಲ, ಕಾಟಾಚಾರಕ್ಕೆ ಮಾಡಿದ್ರೂ ಕೆಲಸ ಅಂತ ಒಂದು ಆಗಿರುತ್ತೆ. ಇಲ್ಲಿ ಮಾತು ಬಿಟ್ಟರೆ ಏನೂ ಇಲ್ಲ.

ಮದ್ದೂರಿನವ: ಗಾದೆ ಬಿಟ್ಟೆ, ಒಪ್ಪಿದೆ. ಆದರೆ ಊಟಕ್ಕೆ ಕರೆಯೋ ಪದವನ್ನು ರೈತರ ವಿಷಯಕ್ಕೆ ತಂದರೆ ತುಂಬಾ ಮೆತ್ತಗಾಗುತ್ತೆ ಅನ್ನಿಸ್ತಿದೆ. ನಮ್ಮ ಗದ್ದೆ ನಾಲೆಯ ಕೊನೆ ಭಾಗದಲ್ಲಿದೆ. ಸಭೆ ಆದಾಗಲೆಲ್ಲ 'ಕೊನೆ ಭಾಗದವರಿಗೆ ಮೊದಲು ನೀರು' ಅಂತಾರೆ, ನಾವೂ ಚಪ್ಪಾಳೆ ತಟ್ಟಿ ಬರ್ತೀವಿ. ಆ ತೂಬಿನ ಹಲಗೆ ತುಕ್ಕು ಹಿಡಿದು ಅರ್ಧಕ್ಕೇ ಕಚ್ಚಿಕೊಂಡಿದೆ, ಎರಡು ಬೆಳೆ ಆಯ್ತು, ಒಬ್ಬರೂ ಬಂದು ಮುಟ್ಟಿಲ್ಲ. ಪೈರು ಒಣಗೋದನ್ನು ನೋಡಿದವನಿಗೆ ಇದು ಉಪಚಾರ ಅನ್ನಿಸಲ್ಲ. ನಮ್ಮ ಕಡೆ ಇದಕ್ಕೆ ಮೂಗಿಗೆ ತುಪ್ಪ ಸವರೋದು ಅಂತೀವಿ.

ಹಳೇ ಮೇಷ್ಟ್ರು: ನಿನ್ನ ಸಂಕಟ ಅರ್ಥವಾಗುತ್ತೆ. ಆದರೆ ತುಪ್ಪ ಸವರುವುದರಲ್ಲಿ ಆಸೆ ಹುಟ್ಟಿಸುವುದೇ ಮುಖ್ಯ. ವಾಕ್ಯದಲ್ಲಿ ಸಮಿತಿ ಆಸೆ ತೋರಿಸಿತು ಅಂತಿಲ್ಲ, ಬೆಂಬಲದ ಮಾತಾಡಿತು ಅಂತಷ್ಟೇ ಇದೆ.

ಮದ್ದೂರಿನವ: ಪರೀಕ್ಷೆಗೆ ನಿಮ್ಮದು ಸರಿ ಮೇಷ್ಟ್ರೇ. ನಮ್ಮ ತೂಬಿಗೆ ನನ್ನದೇ ಸರಿ.

ಕುವೆಂಪುನಗರದ ಅಮ್ಮ: 'ಸಮಿತಿಯು ರೈತರ ಬೇಡಿಕೆಗೆ ಬಾಯುಪಚಾರದ ಬೆಂಬಲವನ್ನಷ್ಟೇ ಕೊಟ್ಟಿತು' ಅಂತ ಬರೆಸಿದ್ದೀನಿ. ತೂಬಿನ ವಿಷಯ ಓದಿ ಹೇಳಿದೆ, ಮಗಳು 'ಈಗಾದರೂ ಸರಿ ಮಾಡಿದ್ರಾ ಕೇಳಮ್ಮ' ಅಂತಿದ್ದಾಳೆ.

ಮದ್ದೂರಿನವ: ಇಲ್ಲ ಅಂತ ಹೇಳಿ ಅಕ್ಕ. ಭಾನುವಾರ ನಾವೇ ನಾಲ್ಕು ಜನ ಹೋಗ್ತಿದ್ದೀವಿ.