ಪಾರ್ವೋಗೆ (ವಾಂತಿ-ಭೇದಿ ತರೋ ವೈರಸ್ ರೋಗ) ಮರಿ ಸತ್ತ ಮನೆಗೆ ಇನ್ನೊಂದು ನಾಯಿ ತರೋದಾ? ಅನುಭವ ಇದ್ದವರು ಹೇಳಿ

ಅಂಗಳದಮನೆ, ಶಿವಮೊಗ್ಗ: ಎರಡು ತಿಂಗಳ ಲ್ಯಾಬ್ (ಲ್ಯಾಬ್ರಡಾರ್) ಮರಿ ಪಾರ್ವೋಗೆ ಹೋಯ್ತು. ಮನೆಯವರು ನಾಯಿ ಸಹವಾಸವೇ ಬೇಡ ಅಂತಾರೆ, ಮಗಳು ಬಿಡ್ತಿಲ್ಲ. ಇಷ್ಟು ಸಂಕಟ ಅಂತ ಗೊತ್ತಿದ್ದೂ ಜನ ಮತ್ತೆ ಯಾಕೆ ತರ್ತಾರೆ? ತರೋದಾದ್ರೆ ಯಾವಾಗ?

ಕಾಫಿತೋಟ: ಗೇಟು ಕಿರ್ ಅಂದ್ರೆ ಬಾಲ ನೆಲಕ್ಕೆ ಬಡಿಯೋ ಸದ್ದು ಕೇಳಿ ಅಭ್ಯಾಸವಾದವರಿಗೆ ಅದಿಲ್ಲದೆ ಆಗಲ್ಲ, ಅಷ್ಟೇ. ಯಾವಾಗ ಅನ್ನೋದು ನಿಮ್ಮ ಮನೆ ನೆಲ, ಅಂಗಳ ಎಂಥದ್ದು ಅನ್ನೋದರ ಮೇಲೆ ಹೋಗುತ್ತೆ. ಫಿನಾಯಿಲ್‌ಗೆ ಈ ವೈರಸ್ ಜಗ್ಗಲ್ಲ. ಮೊದಲು ಸೋಪುನೀರಲ್ಲಿ ತಿಕ್ಕಿ ತೊಳೀರಿ. ಹೇಲಿನ ಅಂಶ ಉಳಿದ್ರೆ ಕ್ಲೋರಿನ್ ಅದರ ಮೇಲೇ ಖರ್ಚಾಗುತ್ತೆ. ಆಮೇಲೆ 1 ಪಾಲು ದ್ರವ ಬ್ಲೀಚ್‌ಗೆ 30 ಪಾಲು ನೀರು, 10 ನಿಮಿಷ ನೆಲ ಒದ್ದೆಯಾಗೇ ಇರಬೇಕು. ಬ್ಲೀಚಿಂಗ್ ಪೌಡರ್ ಆದ್ರೆ 10 ಲೀಟರ್ ಬಕೆಟ್‌ಗೆ 60 ಗ್ರಾಂ, ಹೊಸ ಪ್ಯಾಕೆಟ್ಟೇ ಆಗಬೇಕು, ತೆರೆದಿಟ್ಟಿದ್ದರಲ್ಲಿ ಶಕ್ತಿ ಇರಲ್ಲ. ಟಾಯ್ಲೆಟ್ ಆಸಿಡ್ ಜೊತೆ ಸೇರಿಸಿದ್ರೆ ವಿಷಾನಿಲ, ಹುಷಾರು. ಮಲಗ್ತಿದ್ದ ಗೋಣಿಚೀಲ ಬಿಸಾಡಿ. ಅಂಗಳದ ಮಣ್ಣಿಗೆ ಇದ್ಯಾವುದೂ ನಾಟಲ್ಲ. ನೆರಳಿದ್ದ ಕಡೆ ವೈರಸ್ ವರ್ಷದ ತನಕ ಇರಬಹುದು.

ದಾವಣಗೆರೆ ಡಾಗ್ಸ್: ಬ್ಲೀಚ್ ಪುರಾಣ ಸಾಕು ಮಾರಾಯ್ರೆ. ಒಂದೇ ಒಂದು ಲಸಿಕೆ ಚುಚ್ಚಿಸಿ ಮರೀನ ರಸ್ತೆಗೆ ಬಿಡೋರೇ ಜಾಸ್ತಿ. ತಾಯಿಯಿಂದ ಬಂದ, ರೋಗ ತಡೆಯೋ ಪ್ರತಿಕಾಯ ಲಸಿಕೆಗೆ ಅಡ್ಡ ಬರುತ್ತೆ, ಅದು ಯಾವ ವಾರ ಇಳಿಯುತ್ತೋ ಹೊರಗಿಂದ ತಿಳಿಯಲ್ಲ. ಅದಕ್ಕೇ 6–8ನೇ ವಾರಕ್ಕೆ ಶುರು, ಆಮೇಲೆ 3–4 ವಾರಕ್ಕೊಂದು, 16 ವಾರ ತುಂಬೋ ತನಕ. ಕೊನೇ ಡೋಸ್ ತಪ್ಪಿದ್ರೆ ಹಿಂದಿನದ್ದೆಲ್ಲ ಹೊಳೇಲಿ ಹುಣಸೆಹಣ್ಣು ಆಗಬಹುದು. ಬ್ರೀಡರ್ ಬಾಯಿಮಾತು ಬೇಡ, ಲಸಿಕೆ ಕಾರ್ಡಿನ ಮೇಲೆ ಸೀಸೆಯ ಸ್ಟಿಕ್ಕರ್, ಬ್ಯಾಚ್ ನಂಬರ್ ನೋಡಿ.

ಮುಧೋಳ ಕೆನಲ್: ಬ್ರೀಡರ್‌ಗಳನ್ನೆಲ್ಲ ಒಂದೇ ತಕ್ಕಡೀಲಿ ತೂಗಬೇಡಿ ಸಾರ್. ಸ್ಟಿಕ್ಕರ್ ಇದ್ರೂ ಫ್ರಿಜ್ ಇಲ್ಲದ ಅಂಗಡಿಯ ಲಸಿಕೆ ಆದ್ರೆ ಏನು ಬಂತು? 2ರಿಂದ 8 ಡಿಗ್ರೀಲಿ ಇಡಬೇಕು. ಅದನ್ನ ಕೇಳಿ ಮೊದಲು.

ಖಾಲಿಜೇಬು, ಮೈಸೂರು: ಮೊದಲು ಪಾರ್ವೋ ಚಿಕಿತ್ಸೆಯ ಆಸ್ಪತ್ರೆ ಬಿಲ್ ಓದೋದು ಕಲೀರಿ. ಸಲೈನ್ ಅಗ್ಗ. ದುಡ್ಡು ನುಂಗೋದು ಐಸೊಲೇಶನ್ ವಾರ್ಡು, ದಿನಾ ರಕ್ತದ ಕೌಂಟು, ವಾಂತಿಗೆ ಕೊಡೋ ಮರೋಪಿಟೆಂಟ್. ಉಳಿತಾಯ ಅಂತ ಕೌಂಟ್ ಬಿಡಿಸಬೇಡಿ. ಬಿಳಿ ರಕ್ತಕಣ ಏರೋಕೆ ಶುರುವಾದ್ರೇನೇ ಮರಿ ಉಳಿಯೋ ಆಸೆ. ಡ್ರಿಪ್ಪಿಗೆ ಡೆಕ್ಸ್ಟ್ರೋಸ್ (ಸಕ್ಕರೆ) ಹಾಕಿದ್ದಾರಾ ಕೇಳಿ, ಮರಿಗಳಲ್ಲಿ ರಕ್ತದ ಸಕ್ಕರೆ ದಢಾರನೆ ಇಳಿಯುತ್ತೆ. ನಮ್ಮಲ್ಲಿ ಆ ಮಾತು ಯಾರೂ ಎತ್ತಲೇ ಇಲ್ಲ.

ಹಳ್ಳಿಮದ್ದು: ಇಷ್ಟೆಲ್ಲ ಯಾಕೆ? ಪರಂಗಿ ಎಲೆ ರಸ, ಎಳನೀರು ಕುಡಿಸಿದ್ರಾಯ್ತು.

ಖಾಲಿಜೇಬು: ಒಂದೇಸಮ ವಾಂತಿ ಮಾಡ್ತಿರೋ ಮರಿ ಬಾಯಿಗೆ ಸುರಿದ್ರೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯ ಆಗಬಹುದು. ದಯವಿಟ್ಟು ಇಲ್ಲಿ ಬರೀಬೇಡಿ.

ಹಳ್ಳಿಮದ್ದು: ಸಲೈನ್ ಹಾಕಿಸಿದವರದ್ದೆಲ್ಲ ಬದುಕಿದ್ಯಾ?

ಕಾಫಿತೋಟ: ಜಗಳ ಆಮೇಲೆ. ಶಿವಮೊಗ್ಗದವರೇ, ಮಣ್ಣಿನ ಅಂಗಳ ಆಗಿದ್ರೆ ಸದ್ಯಕ್ಕೆ ಮರಿ ಬೇಡ. ಲಸಿಕೆ ಪೂರ್ತಿಯಾದ, ವರ್ಷ ದಾಟಿದ ಊರುನಾಯಿ ತನ್ನಿ, ಮಗಳಿಗೂ ಖುಷಿ.

ಮುಧೋಳ ಕೆನಲ್: ದೊಡ್ಡದನ್ನ ತಂದ್ರೆ ಅಷ್ಟು ವರ್ಷ ಕಮ್ಮಿ, ಬೇಗ ಅಳಬೇಕು.

ದಾವಣಗೆರೆ ಡಾಗ್ಸ್: ಲ್ಯಾಬ್‌ಗೆ 10–12 ವರ್ಷ, ಗ್ರೇಟ್ ಡೇನ್‌ಗೆ 7–8. ಲೆಕ್ಕ ಹಾಕಿ ಅಳೋರು ಆಮೆ ಸಾಕಿ.

ಖಾಲಿಜೇಬು: ನಕ್ಷತ್ರ ಆಮೆ ಮನೇಲಿಟ್ರೆ 1972ರ ವನ್ಯಜೀವಿ ಕಾಯ್ದೇಲಿ ಕೇಸಾಗುತ್ತೆ. ತಮಾಷೆಗೂ ಇಂಥ ಸಲಹೆ ಬೇಡ.

ದಾವಣಗೆರೆ ಡಾಗ್ಸ್: ನಕ್ಷತ್ರ ಆಮೆ ಅಂತ ನಾನೆಲ್ಲಿ ಅಂದೆ?