ದಿನಾ 124 ಕಿ.ಮೀ. ಬೈಕ್: ಬೆಳಿಗ್ಗೆ ಸಲೀಸು, ಸಂಜೆ ವಾಪಸ್ ಬರುವುದೇ ಕಷ್ಟ

ಹೊಸಗೇರ್ ಹುಡುಗಿ:

ಎಲ್ಲರಿಗೂ ನಮಸ್ಕಾರ. ನನಗೆ ಲೈಸೆನ್ಸ್ ಸಿಕ್ಕಿ 7 ವಾರ ಆಯಿತು. ಹೊಸ ಕೆಲಸ ಮನೆಯಿಂದ 62 ಕಿ.ಮೀ. ದೂರ, ಅಂದರೆ ದಿನಕ್ಕೆ 124. ಅರ್ಧ ದಾರಿ ಹೆದ್ದಾರಿ, ಇನ್ನರ್ಧ ತಿರುವುಗಳಿರುವ ಸಣ್ಣ ರಸ್ತೆ. 150 ಸಿಸಿ ಬೈಕ್, ಎಬಿಎಸ್ ಇದೆ. ಮೂರು ವಾರದಿಂದ ದಿನಾ ಹೋಗಿ ಬರುತ್ತಿದ್ದೇನೆ.

ಬೆಳಿಗ್ಗೆ ಹೋಗುವಾಗ ನಿಜಕ್ಕೂ ಖುಷಿ. ಗೇರ್ ತಾನಾಗೇ ಬೀಳುತ್ತದೆ, ಕೈಕಾಲು ಹೇಳಿದ ಮಾತು ಕೇಳುತ್ತವೆ. ಕಷ್ಟ ಇರುವುದು ಸಂಜೆ. 40 ಕಿ.ಮೀ. ಆಗುವಷ್ಟರಲ್ಲಿ ಬಲಗೈ ಬೆರಳು ಜೋಮು ಹಿಡಿಯುತ್ತವೆ. ಮನೆಗೆ ಬಂದು ಹೆಲ್ಮೆಟ್ ತೆಗೆದ ಮೇಲೂ ಒಂದು ಗಂಟೆ ಕಿವಿಯಲ್ಲಿ ಗುಂಯ್ ಅನ್ನುತ್ತಿರುತ್ತದೆ.

ಮೊನ್ನೆ ಗುರುವಾರ ಆದದ್ದನ್ನು ಹೇಳಲೇಬೇಕು. ಸೂರ್ಯ ಮುಳುಗಿದ್ದ, ಪೂರ್ತಿ ಕತ್ತಲಾಗಿರಲಿಲ್ಲ. ಮನೆಗೆ ಇನ್ನು 12 ಕಿ.ಮೀ. ಇತ್ತು. ಒಂದು ತಿರುವಿನ ಹೊರ ಅಂಚಲ್ಲಿ ಜಲ್ಲಿ ಚೆಲ್ಲಿತ್ತು. ಅಯ್ಯೋ, ಅಲ್ಲಿಗೆ ಹೋಗಬಾರದು ಅಂತ ಅದನ್ನೇ ನೋಡಿದೆ. ಬೈಕ್ ಸೀದಾ ಅತ್ತಲೇ ಹೋಯಿತು. ಮುಂದಿನ ಚಕ್ರ ಜಲ್ಲಿ ಮೇಲೆ ಒಂದು ಸಲ ಜರ್ರನೆ ಜಾರಿ ಮತ್ತೆ ರಸ್ತೆ ಹಿಡಿಯಿತು. ಬೀಳಲಿಲ್ಲ. ಜೀವ ಬಾಯಿಗೆ ಬಂದಿತ್ತು.

ಅದಕ್ಕಿಂತ ಹೆದರಿಸಿದ್ದು ಇನ್ನೊಂದು. ಆ ತಿರುವಿಗೆ 3 ಕಿ.ಮೀ. ಮುಂಚೆ ಉದ್ದನೆಯ ಸೇತುವೆ ಇದೆ. ಅದನ್ನು ದಾಟಿದ್ದು ನನಗೆ ನೆನಪೇ ಇಲ್ಲ.

ಹೊಸಬರಿಗೆ ಈ ದೂರ ಜಾಸ್ತಿ ಆಯಿತಾ? ದೊಡ್ಡ ಬೈಕ್ ತಗೊಂಡರೆ ಸುಸ್ತು ಕಡಿಮೆ ಅಂತ ಕೆಲವರು ಹೇಳುತ್ತಾರೆ. ಮನೆಯಲ್ಲಿ ಇನ್ನೂ ಯಾರಿಗೂ ಇದನ್ನು ಹೇಳಿಲ್ಲ.

ಗಾಳಿಸದ್ದು:

ಬೆರಳು ಮತ್ತು ಕಿವಿ ಬಗ್ಗೆ ಮಾತ್ರ ಹೇಳುತ್ತೇನೆ.

ಜೋಮು ಹಿಡಿಯುವುದಕ್ಕೆ ಇಂಜಿನ್ ನಡುಕವೂ ಒಂದು ಕಾರಣ. ಆದರೆ ಹೊಸಬರಲ್ಲಿ ಬಹಳ ಸಲ ಕಾರಣ ಬಿಗಿ ಹಿಡಿತ. ನೇರ ರಸ್ತೆಯಲ್ಲಿ ಮೊಣಕೈ ಎರಡನ್ನೂ ರೆಕ್ಕೆ ಹಾಗೆ ಸ್ವಲ್ಪ ಆಡಿಸಿ ನೋಡಿ. ಸಲೀಸಾಗಿ ಆಡದಿದ್ದರೆ ನೀವು ಹ್ಯಾಂಡಲ್ ಹಿಡಿದು ನೇತಾಡುತ್ತಿದ್ದೀರಿ ಅಂತ ಅರ್ಥ. ಮೈಯ ಭಾರ ಮಂಡಿಗೆ ಕೊಡಿ, ಟ್ಯಾಂಕನ್ನು ಮಂಡಿಯಲ್ಲಿ ಒತ್ತಿ ಹಿಡಿಯಿರಿ. ಬ್ರೇಕ್ ಲಿವರ್ ತೀರಾ ಮೇಲಿದ್ದರೆ ಮಣಿಕಟ್ಟು ಮಡಚಿಕೊಂಡೇ ಇರುತ್ತದೆ. ಲಿವರ್ ಮೇಲೆ ಬೆರಳಿಟ್ಟಾಗ ಮುಂಗೈ, ಮಣಿಕಟ್ಟು, ಬೆರಳು ಒಂದೇ ಗೆರೆಯಲ್ಲಿ ಬರುವಂತೆ ತಿರುಗಿಸಿಕೊಳ್ಳಿ. ಎರಡು ನಿಮಿಷದ ಕೆಲಸ.

ಕಿವಿಯ ಸದ್ದನ್ನು ಮಾತ್ರ ಹಗುರವಾಗಿ ತಗೋಬೇಡಿ. ಅದು ಇಂಜಿನ್ ಸದ್ದಲ್ಲ, ಹೆಲ್ಮೆಟ್ ಸುತ್ತ ಗಾಳಿ ಹೊಡೆಯುವ ಸದ್ದು. 100 ಕಿ.ಮೀ. ವೇಗದಲ್ಲಿ ಹೆಲ್ಮೆಟ್ ಒಳಗೇ 90 ಡೆಸಿಬೆಲ್ ದಾಟುತ್ತದೆ. ಹೀಗೆ ಹೋದ ಕಿವಿ ವಾಪಸ್ ಬರುವುದಿಲ್ಲ. ಫೋಮಿನ ಇಯರ್‌ಪ್ಲಗ್ ಹಾಕಿಕೊಳ್ಳಿ. ಎಲ್ಲ ಸದ್ದೂ ತಗ್ಗುತ್ತದೆ, ಆದರೆ ಹಾರ್ನ್ ಕೇಳಿಸುತ್ತದೆ, ಆ ಗಾಳಿಯ ಗೋಳು ಕಡಿಮೆ ಆಗುತ್ತದೆ. ಸುಸ್ತೂ ಕಡಿಮೆ ಆಗುತ್ತದೆ, ನನ್ನ ಅನುಭವ. ನಿಮ್ಮ ಕಡೆ ಇದರ ಬಗ್ಗೆ ನಿಯಮ ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ.

ಹಳೆಹೆಲ್ಮೆಟ್:

ತಂಗಿ, ನೀನು ಅಂತಲೇ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡ. ನಾನು 11 ವರ್ಷದಿಂದ ದಿನಾ 55 ಕಿ.ಮೀ. ಹೋಗಿ 55 ಬರುತ್ತೇನೆ. ಜಲ್ಲಿ ಬಿಡು. ಸೇತುವೆ ನೆನಪಿಲ್ಲ ಅಂದೆಯಲ್ಲ, ಅದನ್ನು ಓದಿ ನನ್ನ ಕೈ ತಣ್ಣಗಾಯಿತು.

ನನ್ನ ಎರಡನೇ ತಿಂಗಳಲ್ಲಿ ಹೀಗೇ ಒಂದು ಸಂಜೆ ಸಿಗ್ನಲ್‌ನಲ್ಲಿ ಬ್ರೇಕ್ ಹಿಡಿದು ನಿಲ್ಲಿಸಿದೆ. ಕಾಲು ಕೆಳಗಿಡಲು ಮರೆತೆ. ನಿಂತ ಬೈಕ್ ನನ್ನ ಮೇಲೇ ಮಗುಚಿತು. ಕ್ಲಚ್ ಲಿವರ್ ಮುರಿಯಿತು, ಪಾದದ ಗಂಟು ಊದಿ ಮೂರು ವಾರ ಮನೆಯಲ್ಲಿದ್ದೆ. ನಿದ್ದೆ ಬಂದಿರಲಿಲ್ಲ, ತೂಕಡಿಕೆ ಇರಲಿಲ್ಲ. ಸುಸ್ತು ಅಂತಲೇ ಅನಿಸಿರಲಿಲ್ಲ. ಹೊಸಬರ ಸುಸ್ತು ಹಾಗೇ ಬರುತ್ತದೆ. ಕ್ಲಚ್, ಗೇರ್, ಮಿರರ್, ಗುಂಡಿ, ಪಕ್ಕದ ಲಾರಿ, ಎಲ್ಲವನ್ನೂ ತಲೆ ಒಂದೊಂದಾಗಿ ಲೆಕ್ಕ ಹಾಕುತ್ತಿರುತ್ತದೆ. ಬೆಳಿಗ್ಗೆ ಹಾಕುತ್ತದೆ, ಇಡೀ ದಿನ ಕೆಲಸ ಮಾಡಿದ ಮೇಲೆ ಸಂಜೆ ಕೈ ಬಿಡುತ್ತದೆ. ಹಾಗಾಗಿ ದೂರ ಹೆಚ್ಚಾಯಿತಾ ಅಂತ ಕೇಳಿದರೆ, ಬೆಳಗಿನ 62 ಹೆಚ್ಚಲ್ಲ. ಸಂಜೆಯ 62 ಸದ್ಯಕ್ಕೆ ಹೆಚ್ಚು.

ನನಗೆ ಒಂದು ಗುರುತು ಇದೆ. ನನ್ನ ಬೈಕಿನ ಇಂಡಿಕೇಟರ್ ತಾನಾಗಿ ಆರುವುದಿಲ್ಲ. ತಿರುಗಿದ ಮೇಲೆ ಆರಿಸಲು ಒಂದು ಸಲ ಮರೆತರೂ ಮುಂದೆ ಸುರಕ್ಷಿತ ಜಾಗ ಸಿಕ್ಕ ಕೂಡಲೇ ನಿಲ್ಲಿಸುತ್ತೇನೆ. ಮನೆ 2 ಕಿ.ಮೀ. ಇದ್ದರೂ ಅಷ್ಟೇ. ಅದಲ್ಲದೆ ವಾಪಸ್ ಬರುವಾಗ 25 ಕಿ.ಮೀ.ಗೆ ಒಂದು ನಿಲುಗಡೆ ಇದ್ದೇ ಇದೆ. ಸುಸ್ತಾದಾಗ ಅಲ್ಲ, ಆಗುವ ಮುಂಚೆ. ಹೆಲ್ಮೆಟ್ ತೆಗೆಯುವುದು, ನೀರು ಕುಡಿಯುವುದು, ಹತ್ತು ನಿಮಿಷ ನಡೆಯುವುದು. ಮೊಬೈಲ್ ನೋಡುವುದಿಲ್ಲ, ಕಣ್ಣಿಗೂ ರಜೆ ಬೇಕಲ್ವಾ?

ಆ ಹತ್ತು ನಿಮಿಷವನ್ನು ಜೋರಾಗಿ ಓಡಿಸಿ ಉಳಿಸೋಣ ಅನಿಸಿದರೆ ಲೆಕ್ಕ ಹಾಕು. 62 ಕಿ.ಮೀ.ಯನ್ನು 80ರಲ್ಲಿ ಹೋದರೆ 46 ನಿಮಿಷ ಚಿಲ್ಲರೆ, 70ರಲ್ಲಿ 53. ಉಳಿಯುವುದು ಏಳೇ ನಿಮಿಷ. ಆದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು 80ರಲ್ಲಿ ಬೇಕಾಗುವ ದೂರ 70ಕ್ಕಿಂತ ಶೇ. 30ರಷ್ಟು ಜಾಸ್ತಿ. ಆ ಏಳು ನಿಮಿಷಕ್ಕೆ ಇಷ್ಟು ಬೆಲೆ ಕೊಡಬೇಡ.

ತಿರುವಿನಲ್ಲಿ ಕಣ್ಣು ಹೋದ ಕಡೆ ಬೈಕ್ ಹೋಗುತ್ತದೆ. ಜಲ್ಲಿ ಕಂಡರೆ ಕಂಡಿತು ಅಷ್ಟೇ, ಕೂಡಲೇ ಗಲ್ಲ ಸಮೇತ ಮುಖವನ್ನು ತಿರುವು ಮುಗಿಯುವ ಕಡೆ ತಿರುಗಿಸು. ಬಲಕ್ಕೆ ಹೋಗಬೇಕಾದರೆ ಬಲ ಹ್ಯಾಂಡಲನ್ನು ಮೆಲ್ಲಗೆ ಮುಂದಕ್ಕೆ ಒತ್ತು, ಬೈಕ್ ಬಲಕ್ಕೇ ವಾಲುತ್ತದೆ. ಎಡಕ್ಕಾದರೆ ಎಡ. ಕೇಳುವುದಕ್ಕೆ ತಲೆಕೆಳಗು ಅನಿಸುತ್ತದೆ. ವಾಹನ ಇಲ್ಲದ ನೇರ ರಸ್ತೆಯಲ್ಲಿ 40ರಲ್ಲಿ ಮಾಡಿ ನೋಡು, ಕೈಗೇ ಗೊತ್ತಾಗುತ್ತದೆ.

ಇವತ್ತು ರಾತ್ರಿ ಒಂದು ಕೆಲಸ ಮಾಡು. ಲೈಟ್ ಆರಿಸಿ, ವೈಸರ್ ಮೂಲಕ ಟಾರ್ಚ್ ಬೆಳಕು ನೋಡು. ಬೆಳಕಿನ ಸುತ್ತ ಜೇಡರ ಬಲೆ ಹಾಗೆ ಗೆರೆ ಕಂಡರೆ ವೈಸರ್ ಬದಲಾಯಿಸು. ಹಗಲಲ್ಲಿ ಆ ಗೆರೆ ಕಾಣುವುದೇ ಇಲ್ಲ. ಸಂಜೆ ಎದುರಿನ ಹೆಡ್‌ಲೈಟ್ ಒಂದೊಂದೂ ಆ ಗೆರೆಗಳಲ್ಲಿ ಒಡೆದು ಕಣ್ಣಿಗೆ ಚುಚ್ಚುತ್ತದೆ. ಒಣ ಬಟ್ಟೆಯಲ್ಲಿ ಧೂಳು ಉಜ್ಜಬೇಡ, ಒದ್ದೆ ಬಟ್ಟೆ ಸ್ವಲ್ಪ ಹೊತ್ತು ಮೇಲಿಟ್ಟು ಆಮೇಲೆ ಒರೆಸು.

ಆಗುವುದಾದರೆ ಒಂದು ತಿಂಗಳು ದಿನ ಬಿಟ್ಟು ದಿನ ಬಸ್ಸಲ್ಲೋ ರೈಲಲ್ಲೋ ಹೋಗು. ಮನೆಯಲ್ಲಿ ಹೇಳು. ಹೊರಡುವಾಗ ಒಬ್ಬರಿಗೆ ಮೆಸೇಜ್ ಹಾಕುವ ಅಭ್ಯಾಸ ಅಲ್ಲಿಂದಲೇ ಶುರುವಾಗುತ್ತದೆ.

ಚೈನ್ ಸ್ಪ್ರಾಕೆಟ್:

ದೊಡ್ಡ ಬೈಕ್ ಈಗ ಬೇಡ. ಅಮೆರಿಕದಲ್ಲಿ 1981ರಲ್ಲಿ ಬಂದ ಹರ್ಟ್ ವರದಿ ಲಾಸ್ ಏಂಜಲೀಸ್‌ನ 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ನೋಡಿತ್ತು. ಅದರಲ್ಲಿದ್ದ ಸವಾರರು ಸರಾಸರಿ ಸುಮಾರು 3 ವರ್ಷ ಓಡಿಸಿದವರು. ಆದರೂ ಅರ್ಧಕ್ಕಿಂತ ಹೆಚ್ಚು ಜನರಿಗೆ ಅಪಘಾತವಾದ ಆ ಬೈಕ್ ಕೈಗೆ ಬಂದು 5 ತಿಂಗಳೂ ಆಗಿರಲಿಲ್ಲ. ವರದಿ ಹಳೆಯದು, ವಿಷಯ ಹಳೆಯದಲ್ಲ. ಬೈಕ್ ಬದಲಾದರೆ ನೀವು ಮತ್ತೆ ಹೊಸಬರು.

ಇನ್ನು ಬೈಕಿನ ಆರೈಕೆ. ತಿಂಗಳಿಗೆ 22 ದಿನ ಅಂದರೂ 2,700 ಕಿ.ಮೀ. ದಾಟುತ್ತೀರಿ. ಬೇರೆಯವರ ಅರ್ಧ ವರ್ಷ ನಿಮಗೆ ಒಂದು ತಿಂಗಳು. ಚೈನಿಗೆ 500 ಕಿ.ಮೀ.ಗೊಮ್ಮೆ ಲ್ಯೂಬ್ ಅಂದರೆ ನಿಮಗೆ ನಾಲ್ಕು ದಿನಕ್ಕೊಮ್ಮೆ. ಸಂಜೆ ಬಂದ ಕೂಡಲೇ, ಚೈನ್ ಬಿಸಿ ಇರುವಾಗ ಹಾಕಿ. ಚಕ್ರ ಕೈಯಿಂದಲೇ ತಿರುಗಿಸಿ. ಇಂಜಿನ್ ಆನ್ ಮಾಡಿ ಗೇರಿಗೆ ಹಾಕಿ ಚೈನ್ ಒರೆಸಲು ಹೋಗಿ ಬೆರಳು ಕಳೆದುಕೊಂಡವರಿದ್ದಾರೆ. ಟೈರ್ ಗಾಳಿ ಬೆಳಿಗ್ಗೆ ತಣ್ಣಗಿರುವಾಗ ನೋಡಿ, ಓಡಿಸಿದ ಮೇಲೆ ಜಾಸ್ತಿ ತೋರಿಸುತ್ತದೆ. ಹೆದ್ದಾರಿಯಲ್ಲಿ ನೇರ ಓಡಿ ಓಡಿ ಹಿಂದಿನ ಟೈರಿನ ನಡುಭಾಗ ಚಪ್ಪಟೆಯಾಗುತ್ತದೆ. ಆಗ ತಿರುವಿನಲ್ಲಿ ಬೈಕ್ ತಡೆದು ತಡೆದು ವಾಲಿದ ಹಾಗೆ ಅನಿಸುತ್ತದೆ, ಅದೂ ತಲೆಯಲ್ಲಿರಲಿ.

ಹೊಸಗೇರ್ ಹುಡುಗಿ:

ಎಲ್ಲರಿಗೂ ಥ್ಯಾಂಕ್ಸ್. ಅಕ್ಕಾ, ವೈಸರಲ್ಲಿ ಬಲೆ ಇತ್ತು. ತುಂಬಾ ಇತ್ತು. ಬದಲಾಯಿಸಿದೆ. ಮನೆಯಲ್ಲೂ ಹೇಳಿದೆ, ಅಮ್ಮ ಎರಡು ದಿನ ಮಾತಾಡಲಿಲ್ಲ, ಈಗ ಹೊರಡುವ ಮೆಸೇಜಿಗೆ ಕಾಯುತ್ತಾರೆ. ಮಂಗಳವಾರ, ಗುರುವಾರ ಬಸ್. 25 ಕಿ.ಮೀ.ಗೆ ನಿಲ್ಲಿಸುತ್ತಿದ್ದೇನೆ. ಜೋಮು ಹಿಡಿಯುವುದು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ.

ಒಂದೇ ಸಂಶಯ. ಚೈನ್ ಎಷ್ಟು ಸಡಿಲ ಇದೆ ಅಂತ ಒಂದು ಕಡೆ ಅಳೆದರೆ ಸರಿ ಇದೆ, ಚಕ್ರ ಸ್ವಲ್ಪ ತಿರುಗಿಸಿ ಅಳೆದರೆ ಬಿಗಿ. ಯಾವುದನ್ನು ನಂಬುವುದು?

ಚೈನ್ ಸ್ಪ್ರಾಕೆಟ್:

ಬಿಗಿ ಇರುವ ಜಾಗವನ್ನು. ಚಕ್ರ ತಿರುಗಿಸುತ್ತಾ ಮೂರು ನಾಲ್ಕು ಕಡೆ ಅಳೆಯಿರಿ, ಎಲ್ಲಿ ತೀರಾ ಬಿಗಿಯೋ ಅಲ್ಲಿ ಮ್ಯಾನ್ಯುಯಲ್ ಹೇಳಿದಷ್ಟು ಸಡಿಲ ಇರುವಂತೆ ಸರಿಮಾಡಿ. ಬಿಗಿಯಾದ ಚೈನ್ ಬೇರಿಂಗ್ ತಿನ್ನುತ್ತದೆ. ಎರಡು ಜಾಗದ ವ್ಯತ್ಯಾಸ ಜಾಸ್ತಿ ಇದ್ದರೆ ಚೈನ್ ಸವೆದಿದೆ. ಆಗ ಚೈನ್ ಒಂದನ್ನೇ ಹಾಕಿಸಬೇಡಿ, ಎರಡೂ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರಗಳು) ಜೊತೆಗೇ ಬದಲಾಯಿಸಿ.