ಹಳೆ ಮನೆಯ ಕಮರದ ಕಂಬದಲ್ಲಿ ಟೇಬಲ್ ಮಾಡಿಸಬಹುದಾ?

ಪ್ರಶ್ನೆ (ಕುರುಗೋಡು): ಅಣ್ಣಾ, ಅಜ್ಜನ ಕಾಲದ ಮನೆ ಬಿಚ್ಚಿಸಿದೆವು. ಕಂಬ, ತೊಲೆ ಕೆಲವು ಸಿಕ್ಕಿವೆ. ಕಪ್ಪು ಬೆರೆತ ಕೆಂಪು ಬಣ್ಣ, ಅಲ್ಲಲ್ಲಿ ನೇರಳೆ ಗೆರೆ. ಪಕ್ಕದ ಜಂತಿಗಳನ್ನೆಲ್ಲ ಗೆದ್ದಲು ತಿಂದಿದೆ, ಇವನ್ನು ಮುಟ್ಟಿಲ್ಲ. ಹಿರಿಯರು ಇದು ಕಮರ ಅನ್ನುವ ಗಟ್ಟಿ ಜಾತಿಯ ಮರ ಅಂತಾರೆ. ಊಟದ ಟೇಬಲ್ ಮಾಡಿಸಬೇಕು ಅಂತ ಆಸೆ. ನಮ್ಮ ಬಡಿಗೇರರು ಮಾತ್ರ ಆಗಲ್ಲ ಅಂತಿದ್ದಾರೆ.

ಉತ್ತರ: ತಮ್ಮಾ, ಮೊದಲು ಅದು ಕಮರವೇ ಅಂತ ನೋಡಿಕೊಳ್ಳಿ. ಒಂದು ತುಂಡು ಬಕೆಟ್ ನೀರಿಗೆ ಹಾಕಿ. ಕಮರವಾದರೆ ಮುಳುಗುತ್ತದೆ. ಆದರೆ ಅಷ್ಟಕ್ಕೇ ನಂಬಬೇಡಿ, ಕಗ್ಗಲಿ ಮರದ ಚೇಗೂ (ಒಳಗಿನ ಗಟ್ಟಿ ಭಾಗ) ಮುಳುಗಬಹುದು. ನೇರಳೆ ಗೆರೆ ಇದೆ ಅಂದಿರಲ್ಲ, ಅದು ಕಮರದ ಕಡೆಗೇ ಹೇಳುತ್ತದೆ. ಗಡಿಯ ಆಚೆ ತೆಲುಗಿನವರು ನಾರ ಏಪಿ ಅನ್ನುವುದು ಇದೇ ಮರಕ್ಕೆ.

ಇನ್ನು ಟೇಬಲ್. ತೇಗ ಘನ ಅಡಿಗೆ ಸುಮಾರು 18 ಕೆಜಿ ತೂಗಿದರೆ ಕಮರ 30 ಕೆಜಿ ತೂಗುತ್ತದೆ. 5 ಅಡಿ ಉದ್ದ, 3 ಅಡಿ ಅಗಲ, ಒಂದೂಕಾಲು ಇಂಚು ದಪ್ಪದ ಮೇಲ್ಹಲಗೆ ಒಂದೇ 47 ಕೆಜಿ ಹತ್ತಿರ ಬರುತ್ತದೆ. ಕಸ ಗುಡಿಸಲು ಸರಿಸುವವರು ಯಾರು ಹೇಳಿ? ಮೇಲಾಗಿ ಇದರ ಎಳೆ ಒಂದು ಪದರ ಬಲಕ್ಕೆ, ಮುಂದಿನ ಪದರ ಎಡಕ್ಕೆ ವಾಲಿರುತ್ತದೆ. ಉಜ್ಜುಗೊರಡು ಒಂದು ಕಡೆ ನುಣ್ಣಗೆ ಹೋಗುತ್ತದೆ, ಅರ್ಧ ಇಂಚು ಆಚೆ ಎಳೆ ಕಿತ್ತು ಬರುತ್ತದೆ. ನಿಮ್ಮ ಬಡಿಗೇರರು ಹಿಂಜರಿದದ್ದು ಸೋಮಾರಿತನದಿಂದಲ್ಲ.

ಇಂಥ ಮರವನ್ನು ಹಲಗೆ ಕೊಯ್ಯಿಸಿ ಹಾಳು ಮಾಡಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಪೆಟ್ಟು, ಸವೆತ, ಭಾರ ಇರುವ ಕಡೆ ಇದಕ್ಕೆ ಸಾಟಿ ಕಡಿಮೆ. ಹಿಂದಿನವರು ಬಂಡಿ ಗಾಲಿಯ ಗುಂಬ (ನಡುವಿನ ದಿಮ್ಮಿ), ಕಂಬ, ಬೇಸಾಯದ ಸಾಮಾನು, ಗಣಿಯೊಳಗೆ ಮಾಡು ಕುಸಿಯದಂತೆ ಕೊಡುವ ಆಸರೆ, ಇವಕ್ಕೆಲ್ಲ ಹಾಕಿದ್ದು ಸುಮ್ನೆ ಅಲ್ಲ. ನೀವು ಹೊಸಿಲು ಮಾಡಿಸಿ. ಉಳಿದದ್ದರಲ್ಲಿ ಕೊಡತಿ (ಮರದ ಸುತ್ತಿಗೆ), ಉಳಿಯ ಹಿಡಿ ಮಾಡಿಸಿ. ಲೇತ್ ಇದ್ದರೆ ಇನ್ನೂ ಚೆಂದ, ಕಡೆದ ಮೇಲೆ ಒಳ್ಳೆ ಹೊಳಪು ಬರುತ್ತದೆ. ಟೇಬಲ್ ಬೇಕೇ ಬೇಕು ಅಂದರೆ ಕಾಲು ಕಮರದ್ದಿರಲಿ, ಮೇಲ್ಹಲಗೆ ತೇಗದ್ದಿರಲಿ.

ಪ್ರಶ್ನೆ (ಅವರೇ): ಹೊಸಿಲೇ ಮಾಡಿಸುತ್ತೇನೆ ಅಣ್ಣಾ. ಕೆಲಸ ಹೇಗೆ ಮಾಡಬೇಕು?

ಉತ್ತರ: ಮೊದಲು ಹಳೇ ಮೊಳೆ ಹುಡುಕಿ ಕೀಳಿ. ಕಾರ್ಬೈಡ್ ಹಲ್ಲಿನ ಬ್ಲೇಡ್ ಹಾಕಿ, ನಿಧಾನಕ್ಕೆ ತಳ್ಳಿ. ಅವಸರ ಮಾಡಿದರೆ ಬ್ಲೇಡ್ ಕಾದು ಮರ ಸುಡುತ್ತದೆ. ಮೊಳೆ ನೇರ ಹೊಡೆದರೆ ಬಾಗುತ್ತದೆ, ಇಲ್ಲವೇ ಮರ ಸೀಳುತ್ತದೆ. ಡ್ರಿಲ್ಲಿನಲ್ಲಿ ತೂತು ಮಾಡಿಯೇ ಸ್ಕ್ರೂ ಹಾಕಿ. ಉಜ್ಜುಗೊರಡಿನ ಅಲಗು ಆಗಾಗ ಮಸೆಯಿರಿ, ತೀರಾ ತೆಳ್ಳಗೆ ತೆಗೆಯಿರಿ. ಎಳೆ ಏಳುವ ಕಡೆ ಉಕ್ಕಿನ ತಗಡಿನಿಂದ ಕೆರೆದುಬಿಡಿ. ಹೊರಗಿನ ಬಿಳಿ ಭಾಗ ಉಳಿದಿದ್ದರೆ ತೆಗೆದುಹಾಕಿ, ಗೆದ್ದಲು ಬಿಡದಿರುವುದು ಅದನ್ನೇ. ಕೊಯ್ದ ತುಂಡನ್ನು ನಮ್ಮ ಬಳ್ಳಾರಿ ಬಿಸಿಲಿಗೆ ಇಡಬೇಡಿ, ಮೇಲ್ಮೈ ಬಿರಿಯುತ್ತದೆ. ಎರಡೂ ತುದಿಗೆ ಮೇಣ ಸವರಿ ನೆರಳಲ್ಲಿಡಿ. ಕೊನೆಗೆ ಕಾಯಿಸಿದ ಅಗಸೆ ಎಣ್ಣೆ ಸಾಕು, ವಾರ್ನಿಶ್ ಬೇಡ.

ಪ್ರಶ್ನೆ (ಮಸ್ಕಿ, ರಾಯಚೂರು): ಹೊಸ ಕಮರ ಎಲ್ಲಿ ಸಿಗುತ್ತೆ ಸರ್? ಹೊಲದಲ್ಲಿ ಬೆಳೆಸಬಹುದಾ?

ಉತ್ತರ: ಕಾಡಿನ ಮರದ ಆಸೆ ಬಿಡಿ. ಅನುಮತಿಯಿಲ್ಲದೆ ಕಡಿಯುವುದು ಅಪರಾಧ, ಮೇಲಾಗಿ ಇದು ಬೆಳೆಯಲು ತಲೆಮಾರೇ ಬೇಕಾಗುವ ಮರ. ಹಳೆ ಮನೆ ಬಿಚ್ಚುವವರ ಹತ್ತಿರ ವಿಚಾರಿಸಿ. ಹೊಲದ ಬದುವಿನಲ್ಲಿ ಖಂಡಿತ ಬೆಳೆಸಿ. ಕಲ್ಲುನೆಲ, ಕಡಿಮೆ ಮಳೆ ಇದಕ್ಕೆ ಹೊಸದಲ್ಲ. ಸಸಿ ಮೇಲೆ ಚಿಕ್ಕದಿರುವಾಗಲೇ ತಾಯಿಬೇರು ಆಳಕ್ಕೆ ಇಳಿದಿರುತ್ತದೆ. ಅದಕ್ಕೇ ಚೀಲದಲ್ಲಿ ಜಾಸ್ತಿ ದಿನ ಇಡಬೇಡಿ, ಬೀಜ ನೇರವಾಗಿ ಊರುವುದು ಮೇಲು. ಮರ ದೊಡ್ಡದಾಗುವವರೆಗೆ ಕಾಯಬೇಕಾಗಿಯೂ ಇಲ್ಲ. ಎಲೆ ದನಕ್ಕೆ ಒಳ್ಳೆ ಮೇವು, ತೊಗಟೆಯ ನಾರಿನಲ್ಲಿ ಹಗ್ಗ ಹೊಸೆಯುತ್ತಾರೆ. ಮೊದಲ ಕೆಲವು ವರ್ಷ ಕುರಿ, ಮೇಕೆ ಬಾಯಿ ಹಾಕದಂತೆ ಮುಳ್ಳು ಕಟ್ಟಿ.